ಶೆಡ್ಡಿನ ಮೂಲೆಯ ಹಳೇ ಗಾಡಿ: ಗುಜರಿಗೂ ಹಾಕಬೇಡಿ, ಶೋಕಿಗೂ ಕೊಯ್ಯಬೇಡಿ

ಎರಡು ಮೂರು ವರ್ಷದಿಂದ ನಮ್ಮ ಹುಣಸೂರು ಕಡೆಯ ಹಳ್ಳಿಗಳಿಗೆ ಒಂದು ಹೊಸ ಥರದ ವ್ಯಾಪಾರಿಗಳು ಬರ್ತಿದ್ದಾರೆ. ಹಳೇ ಪೇಪರ್, ಖಾಲಿ ಸೀಸೆ ಕೇಳೋರಲ್ಲ ಇವರು. "ಜಾವಾ ಇದೆಯಾ ಯಜಮಾನ್ರೇ? ಯೆಜ್ಡಿ, ಹಳೇ ಬುಲೆಟ್, ರಾಜ್‌ದೂತ್ ಏನಾದ್ರೂ ಕೊಟ್ಟಿಗೇಲಿ ಬಿದ್ದಿದೆಯಾ?" ಅಂತ ವಿಚಾರಿಸ್ತಾರೆ. ಹುಲ್ಲಿನ ಮೆದೆ ಪಕ್ಕದಲ್ಲಿ ಕೋಳಿ ಕೂರೋದಕ್ಕೆ ಆಸರೆಯಾಗಿದ್ದ ಗಾಡಿ, ಕಬ್ಬಿಣದ ತೂಕದ ದರಕ್ಕಿಂತ ಸ್ವಲ್ಪ ಹೆಚ್ಚು ಕಾಸಿಗೆ ಗೂಡ್ಸ್ ಆಟೋ ಹತ್ತಿ ಹೋಗುತ್ತೆ. ಮನೆಯವರಿಗೆ ಜಾಗ ಖಾಲಿಯಾಯ್ತು ಅನ್ನೋ ಸಮಾಧಾನ.

ಇನ್ನೊಂದು ಕಡೆ, ನಮ್ಮ ಹುಡುಗರು. ಅಜ್ಜನ ಗಾಡಿ ಹೊರಗೆ ತೆಗೀತಾರೆ, ಪೇಟೆಯ ವರ್ಕ್‌ಶಾಪಿಗೆ ಒಯ್ತಾರೆ, ಹಿಂದಿನ ಮಡ್‌ಗಾರ್ಡ್ ಕೊಯ್ಸಿ, ಫ್ರೇಮ್ ಕಟ್ ಮಾಡ್ಸಿ, ದಪ್ಪ ಟೈರು ಹಾಕ್ಸಿ, ಸೈಲೆನ್ಸರ್ ತೂತು ಮಾಡ್ಸಿ ತರ್ತಾರೆ. ಮೊಬೈಲಿನಲ್ಲಿ ಫೋಟೋ ಚೆನ್ನಾಗಿ ಬರುತ್ತೆ. ಆರು ತಿಂಗಳಾದ ಮೇಲೆ ಅದೇ ಗಾಡಿ ಮತ್ತೆ ಅದೇ ಕೊಟ್ಟಿಗೆಗೆ.

ನನ್ನ ಪ್ರಕಾರ ಇವೆರಡೂ ನಷ್ಟದ ದಾರಿ. ಮೂರನೇ ದಾರಿ ಒಂದಿದೆ. ಹಳೇ ಗಾಡಿಯನ್ನ ಅದು ಕಾರ್ಖಾನೆಯಿಂದ ಬಂದ ರೂಪಕ್ಕೇ ತಂದು, ದಿನನಿತ್ಯದ ಸಣ್ಣ ಕೆಲಸಕ್ಕೆ ಹಚ್ಚೋದು. ಬೈಕಿಗೆ ಹೇಗೋ ಹಾಗೇ ಹಳೇ ಟ್ರ್ಯಾಕ್ಟರಿಗೂ, ಪವರ್ ಟಿಲ್ಲರಿಗೂ, ಜೀಪಿಗೂ ಇದೇ ಮಾತು. ಕೃಷಿ ಬರಹದಲ್ಲಿ ಗಾಡಿ ಪುರಾಣ ಯಾಕೆ ಅಂತ ಕೇಳಬಹುದು. ಬೀಜ, ಗೊಬ್ಬರ, ಕೂಲಿಗೆ ನಾವು ಪೈಸೆ ಪೈಸೆ ಲೆಕ್ಕ ಹಾಕ್ತೀವಿ. ಆದ್ರೆ ಸಣ್ಣ ಹಿಡುವಳಿದಾರನ ಸೊಂಟ ಮುರಿಯೋದು ಎಷ್ಟೋ ಸಲ ಯಂತ್ರದ ಕಂತು. ಆ ಲೆಕ್ಕ ಯಾರೂ ಹಾಕಲ್ಲ.

ಮೈಸೂರಿನಲ್ಲೇ ಹುಟ್ಟಿದ ಗಾಡಿ

ಜಾವಾ ಹೆಸರು ಚೆಕೊಸ್ಲೊವಾಕಿಯಾದ್ದು. ನಮ್ಮ ಜಾವಾ ಮಾತ್ರ ಮೈಸೂರಿನದು. ಯಾದವಗಿರಿಯಲ್ಲಿ ಐಡಿಯಲ್ ಜಾವಾ ಕಾರ್ಖಾನೆ 1961ರಲ್ಲಿ ಶುರುವಾಯ್ತು. ಎಪ್ಪತ್ತರ ದಶಕದಲ್ಲಿ ಗಾಡಿಗೆ ಯೆಜ್ಡಿ ಅನ್ನೋ ಹೆಸರು ಬಂತು. 1996ರಲ್ಲಿ ಕಾರ್ಖಾನೆ ನಿಂತುಹೋಯ್ತು. ನಡುವಿನ ಮೂವತ್ತೈದು ವರ್ಷ ಹಾಲಿನ ಕ್ಯಾನು, ರೇಷ್ಮೆ ಗೂಡು, ತೆಂಗಿನಕಾಯಿ ಮೂಟೆ ಎಲ್ಲವನ್ನೂ ಹೊತ್ತಿದ್ದು ಈ ಗಾಡಿಗಳೇ. ಈಗಲೂ ಜುಲೈ ತಿಂಗಳ ಎರಡನೇ ಭಾನುವಾರ ಜಾವಾ-ಯೆಜ್ಡಿ ದಿನ ಅಂತ ಮೈಸೂರು, ಬೆಂಗಳೂರಿನಲ್ಲಿ ಅಭಿಮಾನಿಗಳು ಗಾಡಿ ತಂದು ಸೇರ್ತಾರೆ.

ಅಭಿಮಾನ ಒಂದು ಕಡೆ ಇರಲಿ. ರೈತನಿಗೆ ಮುಖ್ಯ ಆಗೋದು ಅದರ ಕಟ್ಟುಪಾಡು. ಅದು ಟೂ ಸ್ಟ್ರೋಕ್ ಎಂಜಿನ್. ವಾಲ್ವ್ ಇಲ್ಲ, ಕ್ಯಾಮ್‌ಶಾಫ್ಟ್ ಇಲ್ಲ, ಸೆನ್ಸರ್ ಇಲ್ಲ, ಕಂಪ್ಯೂಟರ್ ಇಲ್ಲ. ಪಿಸ್ಟನ್, ರಿಂಗು, ಕ್ರ್ಯಾಂಕು, ಕಾರ್ಬುರೇಟರ್, ಪಾಯಿಂಟು, ಇಷ್ಟೇ ಸಂಸಾರ. ಒಂದೇ ಲಿವರ್ ಕಿಕ್ಕರೂ ಹೌದು, ಗೇರೂ ಹೌದು. ಎಲ್ಲಿ ಕೆಟ್ಟಿದೆ ಅಂತ ಕಣ್ಣಿಗೆ ಕಾಣುತ್ತೆ, ಕೈಗೆ ಸಿಗುತ್ತೆ. ರಾಜ್‌ದೂತ್, ಲೂನಾ, ಎಂ80, ಎಲ್ಲದರ ಕಥೆಯೂ ಹೆಚ್ಚು ಕಡಿಮೆ ಇದೇ.

ಇಲ್ಲೊಂದು ಎಚ್ಚರಿಕೆ. 2018ರಲ್ಲಿ ಜಾವಾ, 2022ರಲ್ಲಿ ಯೆಜ್ಡಿ ಹೆಸರಿನ ಹೊಸ ಗಾಡಿಗಳು ಮಾರುಕಟ್ಟೆಗೆ ಬಂದವು. ಅವು ಫೋರ್ ಸ್ಟ್ರೋಕ್ ಎಂಜಿನ್ನಿನವು, ಬೇರೆಯದೇ ಯಂತ್ರ. ಅದರ ಸ್ಪೇರ್ ಹಳೇ ಗಾಡಿಗೆ ಕೂರಲ್ಲ. "ಕಂಪನಿ ಮತ್ತೆ ಶುರುವಾಯ್ತಲ್ಲ, ಈಗ ಎಲ್ಲಾ ಪಾರ್ಟ್ ಸಿಗುತ್ತೆ" ಅಂತ ಯಾರಾದ್ರೂ ಹೇಳಿದ್ರೆ ನಂಬ್ಕೊಂಡು ಕೂರಬೇಡಿ.

ಮಾರೋ ಮುಂಚೆ ಆರ್‌ಸಿ ಹುಡುಕಿ

ಹಳೇ ಗಾಡಿಯಲ್ಲಿ ಬೆಲೆ ಇರೋದು ಕಬ್ಬಿಣಕ್ಕಲ್ಲ. ಚಾಸಿಸ್ ನಂಬರ್, ಎಂಜಿನ್ ನಂಬರ್, ಅವೆರಡಕ್ಕೂ ತಾಳೆಯಾಗೋ ಆರ್‌ಸಿ, ಇವು ಮೂರಕ್ಕೆ. ಇವು ಕೂಡಿದ್ರೆ ಗಾಡಿಗೆ ಜೀವ ಇದೆ. ವ್ಯಾಪಾರಿ ಮೊದಲು "ಬುಕ್ ಇದೆಯಾ?" ಅಂತ ಕೇಳೋದು ಅದಕ್ಕೇ. ಬೆಲೆ ಅಲ್ಲಿದೆ ಅಂತ ಅವನಿಗೆ ಗೊತ್ತು, ನಮಗೆ ಗೊತ್ತಿಲ್ಲ.

ಹಾಗಾಗಿ ಮೊದಲ ಕೆಲಸ ಸ್ಪ್ಯಾನರ್ ಹಿಡಿಯೋದಲ್ಲ. ಟ್ರಂಕು ತೆಗೆದು ಆರ್‌ಸಿ ಹುಡುಕೋದು. ಗಾಡಿ ತೀರಿಹೋದ ತಂದೆಯದೋ ಅಜ್ಜನದೋ ಹೆಸರಿನಲ್ಲಿದ್ದರೆ ಆರ್‌ಟಿಓ ಕಚೇರಿಯಲ್ಲಿ ಫಾರಂ 31 ಕೊಟ್ಟು, ಮರಣ ಪತ್ರ ಮತ್ತು ವಾರಸುದಾರಿಕೆಯ ದಾಖಲೆ ಸಮೇತ ನಿಮ್ಮ ಹೆಸರಿಗೆ ಮಾಡಿಸ್ಕೊಳ್ಳಿ. ಪಹಣಿ ಖಾತೆ ಬದಲಾವಣೆಗೆ ಎಷ್ಟು ಓಡಾಡ್ತೀವೋ ಅದರಲ್ಲಿ ಕಾಲು ಭಾಗ ಓಡಾಡಿದ್ರೆ ಸಾಕು. ಅಣ್ಣ ತಮ್ಮಂದಿರು ಇದ್ದರೆ ಅವರ ಒಪ್ಪಿಗೆ ಈಗಲೇ ಬರೆಸ್ಕೊಳ್ಳಿ. ಗಾಡಿ ಫಳಫಳ ಹೊಳೆಯೋಕೆ ಶುರುವಾದ ಮೇಲೆ ಎಲ್ಲರಿಗೂ ಅಪ್ಪನ ನೆನಪು ಬರುತ್ತೆ.

ಮಾರಲೇಬೇಕು ಅನ್ನೋ ಪರಿಸ್ಥಿತಿ ಇದ್ರೆ ಮಾರಿ, ತಪ್ಪಿಲ್ಲ. ಆದ್ರೆ ಫಾರಂ 29, ಫಾರಂ 30ಕ್ಕೆ ಸಹಿ ಹಾಕಿ, ಕೊಂಡವನ ಹೆಸರಿಗೆ ವರ್ಗಾವಣೆ ಆಯ್ತಾ ಅಂತ ನೋಡೋವರೆಗೂ ಬಿಡಬೇಡಿ. ಖಾಲಿ ಫಾರಂಗೆ ಸಹಿ ಹಾಕಿ ಕೊಡೋದು ನಮ್ಮ ಹಳ್ಳಿಗಳಲ್ಲಿ ಮಾಮೂಲಿ. ಆ ಗಾಡಿ ನಾಳೆ ಎಲ್ಲೋ ಯಾರಿಗೋ ಗುದ್ದಿದ್ರೆ ನೋಟಿಸ್ ಬರೋದು ನಿಮ್ಮ ಮನೆಗೆ. ಆರ್‌ಟಿಓ ದಾಖಲೆಯಲ್ಲಿ ಯಾರ ಹೆಸರಿದೆಯೋ ಪರಿಹಾರದ ಹೊಣೆ ಅವರದೇ ಅಂತ ಸುಪ್ರೀಂ ಕೋರ್ಟ್ 2018ರಲ್ಲಿ ಸ್ಪಷ್ಟವಾಗಿ ಹೇಳಿದೆ. ಐದಾರು ಸಾವಿರಕ್ಕೆ ಮಾರಿದ ಗಾಡಿಗೆ ಜಮೀನು ಅಡ ಇಡೋ ಸ್ಥಿತಿ ಬರಬಾರದು.

ಕೊಯ್ಯೋದು ಯಾಕೆ ಬೇಡ

ಮಾರ್ಪಾಡು ಅನ್ನೋ ಶಬ್ದಕ್ಕೇ ನಾನು ವಿರೋಧಿ ಅಲ್ಲ. ರೈತ ಹುಟ್ಟಾ ಮಾರ್ಪಾಡುಗಾರ. ಗುಜರಾತಿನ ಅಮ್ರೇಲಿ ಜಿಲ್ಲೆಯ ಮನ್‌ಸುಖ್‌ಭಾಯಿ ಜಗಾನಿ 1994ರಲ್ಲಿ ಬುಲೆಟ್ಟಿನ ಹಿಂದಿನ ಚಕ್ರ ತೆಗೆದು, ಅಲ್ಲಿ ಎರಡು ಚಕ್ರದ ಒಂದು ಜೋಡಣೆ ಕೂರಿಸಿ, ಅದಕ್ಕೆ ಕುಂಟೆ, ಕೂರಿಗೆ ಕಟ್ಟೋ ಹಾಗೆ ಮಾಡಿದ್ರು. ಬುಲೆಟ್ ಸಂತಿ ಅಂತಲೇ ಅದು ಹೆಸರಾಯ್ತು. ಎತ್ತು ಸಾಕೋಕಾಗದ, ಟ್ರ್ಯಾಕ್ಟರ್ ಕೊಳ್ಳೋಕಾಗದ ರೈತನ ತಲೆಯಿಂದ ಬಂದ ಯೋಚನೆ. ನಮ್ಮ ಉತ್ತರ ಕರ್ನಾಟಕದಲ್ಲೂ ಬೈಕಿಗೆ ಎಡೆಕುಂಟೆ ಕಟ್ಟಿ ಸಾಲಿನ ನಡುವೆ ಕಳೆ ತೆಗೆಯೋರು ಇದ್ದಾರೆ. ಇಂಥ ಮಾರ್ಪಾಡಿಗೆ ನನ್ನ ಸಲಾಂ. ಅದು ಕೆಲಸಕ್ಕೆ ಹುಟ್ಟಿದ್ದು, ಜೋಡಣೆ ಬಿಚ್ಚಿದರೆ ಗಾಡಿ ಮತ್ತೆ ಗಾಡಿ. ಹೊಲದಲ್ಲಿ ಬಳಸಿ. ಹಾಗೇ ರಸ್ತೆಗೆ ಇಳಿಸಬೇಡಿ, ಅಷ್ಟೇ.

ನನ್ನ ತಕರಾರು ನೋಟಕ್ಕೋಸ್ಕರ ಫ್ರೇಮ್ ಕೊಯ್ಯೋದರ ಬಗ್ಗೆ. ಕಾರಣ ಮೂರು.

ಒಂದು, ಕಾನೂನು. ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 52ರ ಪ್ರಕಾರ ಕಂಪನಿ ಕೊಟ್ಟ, ಆರ್‌ಸಿಯಲ್ಲಿ ಬರೆದ ವಿವರಕ್ಕೆ ತಾಳೆಯಾಗದ ಹಾಗೆ ಗಾಡಿ ಬದಲಾಯಿಸೋ ಹಾಗಿಲ್ಲ. ಕೇರಳದ ಒಂದು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಇದನ್ನ ಎತ್ತಿ ಹಿಡೀತು. ಅದೇ ವರ್ಷದ ತಿದ್ದುಪಡಿಯಲ್ಲಿ ದಂಡವೂ ಸೇರಿತು. ಅನುಮತಿ ಇಲ್ಲದ ಪ್ರತಿ ಬದಲಾವಣೆಗೆ 5,000 ರೂಪಾಯಿ ದಂಡ, ಇಲ್ಲಾ ಆರು ತಿಂಗಳವರೆಗೆ ಜೈಲು, ಇಲ್ಲಾ ಎರಡೂ. ಟೈರು, ಹ್ಯಾಂಡಲ್, ಸೈಲೆನ್ಸರ್ ಅಂತ ಲೆಕ್ಕ ಹಾಕ್ತಾ ಹೋದ್ರೆ ಎಷ್ಟಾಗುತ್ತೆ ನೀವೇ ಕೂಡಿ. ಅಪಘಾತ ಆದ್ರೆ ವಿಮೆ ಕಂಪನಿಗೆ ತಕರಾರು ತೆಗೆಯೋಕೆ ಇದೊಂದು ನೆಪ ಸಾಕು. ಬಣ್ಣ ಬಳಿಸೋದಕ್ಕೆ ತೊಂದರೆ ಇಲ್ಲ, ಆದ್ರೆ ಬೇರೆ ಬಣ್ಣ ಆದ್ರೆ ಆರ್‌ಸಿಯಲ್ಲಿ ನಮೂದು ಮಾಡಿಸಿ. ಎಂಜಿನ್ನೇ ಬದಲಾಯಿಸೋದಾದ್ರೆ ಮೊದಲು ಆರ್‌ಟಿಓ ಅನುಮತಿ, ಆಮೇಲೆ ಸ್ಪ್ಯಾನರ್.

ಎರಡು, ಬೆಲೆ. ಕೇಂದ್ರ ಸರ್ಕಾರ 2021ರ ಜುಲೈನಲ್ಲಿ ವಿಂಟೇಜ್ ವಾಹನಗಳಿಗೆ ಪ್ರತ್ಯೇಕ ನಿಯಮ ತಂತು. 50 ವರ್ಷ ದಾಟಿದ, ಮೂಲ ರೂಪದಲ್ಲೇ ಇರೋ ಬೈಕು, ಕಾರುಗಳಿಗೆ ವಿಎ ಅನ್ನೋ ಅಕ್ಷರ ಇರೋ ಬೇರೆ ನಂಬರ್ ಪ್ಲೇಟು. ಹೊಸ ನೋಂದಣಿಗೆ 20,000 ರೂಪಾಯಿ ಶುಲ್ಕ, ಹತ್ತು ವರ್ಷ ಊರ್ಜಿತ, ಆಮೇಲೆ ನವೀಕರಣಕ್ಕೆ 5,000. ಚಾಸಿಸ್, ಬಾಡಿ, ಎಂಜಿನ್ ಗಣನೀಯವಾಗಿ ಬದಲಾಗಿದ್ರೆ ಈ ಅವಕಾಶ ಇಲ್ಲ. ಮೈಸೂರಿನಿಂದ ಬಂದ ಮೊದಲ ದಶಕದ ಜಾವಾಗಳು ಈಗ ಈ ಸಾಲಿಗೆ ಸೇರುತ್ತವೆ. ಅಂದ್ರೆ ಐವತ್ತು ವರ್ಷ ಕಾದ ಗಾಡಿಯ ಬೆಲೆಯನ್ನ ಒಂದು ಮಧ್ಯಾಹ್ನದ ಗ್ರೈಂಡರ್ ಕೆಲಸ ತಿಂದುಹಾಕುತ್ತೆ. ಆದ್ರೆ ಒಂದು ಮಾತು ನೆನಪಿರಲಿ. ವಿಂಟೇಜ್ ನೋಂದಣಿ ಆದ ಗಾಡಿಯನ್ನ ದಿನನಿತ್ಯದ ಓಡಾಟಕ್ಕೆ ಬಳಸೋ ಹಾಗಿಲ್ಲ. ಪ್ರದರ್ಶನ, ರ್‍ಯಾಲಿ, ರಿಪೇರಿ, ಪೆಟ್ರೋಲ್ ಹಾಕಿಸೋಕೆ ಮಾತ್ರ. ಸಂತೆಗೆ ಸೊಪ್ಪು ಒಯ್ಯೋರಿಗೆ ಸಾಮಾನ್ಯ ಆರ್‌ಸಿ ನವೀಕರಣವೇ ಸರಿ. ಹದಿನೈದು ವರ್ಷ ಆದ ಮೇಲೆ ಪ್ರತಿ ಐದು ವರ್ಷಕ್ಕೊಮ್ಮೆ ಗಾಡಿ ತೋರಿಸಿ ನವೀಕರಿಸಬೇಕು. 2022ರ ಏಪ್ರಿಲ್‌ನಿಂದ ಬೈಕಿಗೆ ಇದ್ದ 300 ರೂಪಾಯಿ ಶುಲ್ಕ 1,000 ಆಯ್ತು. 20 ವರ್ಷ ದಾಟಿದವಕ್ಕೆ 2025ರ ಆಗಸ್ಟ್‌ನಲ್ಲಿ 2,000ಕ್ಕೆ ಏರಿಸಿದ್ರು. ದುಬಾರಿ ಅನ್ನಿಸಿದ್ರೂ ಐದು ವರ್ಷಕ್ಕೆ ಹಂಚಿದ್ರೆ ವರ್ಷಕ್ಕೆ 400 ರೂಪಾಯಿ.

ಮೂರು, ಜೀವ. ಹಳೇ ಫ್ರೇಮಿನ ಯಾವ ಕೊಳವೆ ಎಷ್ಟು ಭಾರ ಹೊರುತ್ತೆ ಅಂತ ಕಾರ್ಖಾನೆಯಲ್ಲಿ ಯೋಚನೆ ಮಾಡಿ ಬೆಸೆದಿರ್ತಾರೆ. ಅದನ್ನ ಕೊಯ್ದು ಮತ್ತೆ ವೆಲ್ಡ್ ಮಾಡಿದ ಜಾಗ ಎರಡು ಮೂಟೆ ಹೇರಿಕೊಂಡು ಗುಂಡಿ ಹಾರಿದಾಗ ಬಾಯಿ ಬಿಡುತ್ತೆ. ಮಲೆನಾಡಿನ ಎಸ್ಟೇಟ್ ಜೀಪುಗಳಿಗೂ ಇದೇ ಮಾತು. ಎತ್ತರ ಮಾಡಿಸಿ ದೊಡ್ಡ ಟೈರು ಹಾಕಿದ ಜೀಪು ಕೆಸರಿನಲ್ಲಿ ಚೆನ್ನಾಗಿ ಹೋಗುತ್ತೆ, ತಿರುವಿನಲ್ಲಿ ಬೇಗ ಮಗುಚುತ್ತೆ. ಬ್ರೇಕ್ ಮಾತ್ರ ಹಳೇ ಸೈಜಿಂದೇ ಇರುತ್ತೆ.

ಕೆಲಸ ಯಾವ ಕ್ರಮದಲ್ಲಿ

ನಮ್ಮವರು ಸಾಮಾನ್ಯವಾಗಿ ಬಣ್ಣದಿಂದ ಶುರು ಮಾಡ್ತಾರೆ. ಗಿಡದ ಬೇರು ಕೊಳೀತಿರುವಾಗ ಎಲೆಗೆ ಸಿಂಪರಣೆ ಮಾಡಿದ ಹಾಗೆ. ಬಣ್ಣ ಕೊನೆಗೆ. ಕ್ರಮ ಹೀಗಿರಲಿ:

1. ನಂಬರ್. ಚಾಸಿಸ್, ಎಂಜಿನ್ ನಂಬರಿನ ಮೇಲೆ ಪೆನ್ಸಿಲ್ ತಿಕ್ಕಿ ಅಚ್ಚು ತೆಗೆದು ಆರ್‌ಸಿ ಜೊತೆ ತಾಳೆ ನೋಡಿ. ಆ ಜಾಗಕ್ಕೆ ಗ್ರೈಂಡರ್ ಮುಟ್ಟಿಸಬೇಡಿ. ಪೌಡರ್ ಕೋಟಿಂಗ್ ಮಾಡಿಸುವಾಗ ಅಲ್ಲಿ ಟೇಪ್ ಸುತ್ತಿಸಿ. ದಪ್ಪ ಬಣ್ಣದಡಿ ನಂಬರ್ ಮುಚ್ಚಿಹೋದ್ರೆ ಆರ್‌ಟಿಓ ತಪಾಸಣೆಯಲ್ಲಿ ಕಷ್ಟ.

2. ಫೋಟೋ. ಬಿಚ್ಚೋ ಮುಂಚೆ ಪ್ರತಿ ಭಾಗದ ಫೋಟೋ ತೆಗೀರಿ. ನಟ್ಟು ಬೋಲ್ಟುಗಳನ್ನ ಬೇರೆ ಬೇರೆ ಡಬ್ಬಿಗೆ ಹಾಕಿ ಚೀಟಿ ಅಂಟಿಸಿ. ಹಳೇ ಪಾರ್ಟ್ ಎಷ್ಟೇ ಸವೆದಿದ್ರೂ ಹೊಸದು ಕೂರೋವರೆಗೂ ಬಿಸಾಡಬೇಡಿ. ಲೇತ್‌ನವರಿಗೆ ಅಳತೆ ಅದೇ.

3. ನಿಲ್ಲಿಸೋದು. ಓಡಿಸೋದಕ್ಕಿಂತ ಮೊದಲು ನಿಲ್ಲಿಸೋದು ನೋಡಿ. ಬ್ರೇಕ್ ಶೂ, ಕೇಬಲ್, ಚಕ್ರದ ಬೇರಿಂಗ್, ಕಡ್ಡಿ, ಟೈರು. ಟೈರಿನಲ್ಲಿ ಹಲ್ಲು ಇದ್ರೂ ರಬ್ಬರ್ ಬಿರುಕು ಬಿಟ್ಟಿದ್ರೆ ಅದು ಸತ್ತ ಹಾಗೇ. ಹಳೇ ಬ್ರೇಕ್ ಲೈನಿಂಗಿನಲ್ಲಿ ಆಸ್ಬೆಸ್ಟಾಸ್ ಇರೋ ಸಾಧ್ಯತೆ ಇದೆ. ಆ ಧೂಳನ್ನ ಕಂಪ್ರೆಸರ್ ಗಾಳಿಯಿಂದ ಊದಬೇಡಿ, ಒದ್ದೆ ಬಟ್ಟೆಯಲ್ಲಿ ಒರೆಸಿ.

4. ಎಂಜಿನ್. ವರ್ಷಗಟ್ಟಲೆ ನಿಂತ ಎಂಜಿನ್ ಜಾಮ್ ಆಗಿದ್ರೆ ಕಿಕ್ಕರ್ ಮೇಲೆ ಕುಣಿಯಬೇಡಿ. ಪ್ಲಗ್ ಬಿಚ್ಚಿ, ಡೀಸೆಲ್ಲಿಗೆ ಸ್ವಲ್ಪ ಎಂಜಿನ್ ಆಯಿಲ್ ಬೆರೆಸಿ ತೂತಿಗೆ ಬಿಟ್ಟು ನಾಲ್ಕೈದು ದಿನ ಹಾಗೇ ಇರಲಿ. ಆಮೇಲೆ ಗಾಡಿ ಗೇರಿಗೆ ಹಾಕಿ ಹಿಂದಿನ ಚಕ್ರವನ್ನ ಮೆಲ್ಲಗೆ ಹಿಂದೆ ಮುಂದೆ ಆಡಿಸಿ. ಬೋರ್ ಹೊಡೆಸೋದಾದ್ರೆ ಮೊದಲು ಪಿಸ್ಟನ್ ಕೈಗೆ ಬರಲಿ, ಅದರ ಅಳತೆಗೆ ಬೋರ್ ಆಗಲಿ. ಟೂ ಸ್ಟ್ರೋಕಿನಲ್ಲಿ ಕ್ರ್ಯಾಂಕಿನ ಆಯಿಲ್ ಸೀಲ್ ಮರೀಬೇಡಿ. ಸೀಲ್ ಸೋರಿದ್ರೆ ಗಾಳಿ ಎಳೆದು, ಎಂಜಿನ್ ಕಾದು, ಹೊಸ ಪಿಸ್ಟನ್ ಮತ್ತೆ ಹಿಡ್ಕೊಳ್ಳುತ್ತೆ.

5. ಟ್ಯಾಂಕು. ಒಳಗೆ ತುಕ್ಕು ಇದ್ರೆ ಸಿಟ್ರಿಕ್ ಆಮ್ಲ ಅಥವಾ ವಿನೆಗರ್ ತುಂಬಿಸಿ ಒಂದೆರಡು ದಿನ ಬಿಡಿ. ಅಡುಗೆ ಸೋಡಾ ನೀರಲ್ಲಿ ತೊಳೆದು, ಬಿಸಿಲಲ್ಲಿ ಪೂರ್ತಿ ಒಣಗಿಸಿ, ಕೂಡಲೇ ಒಳಗೆಲ್ಲಾ ಎಣ್ಣೆ ಆಡಿಸಿ. ಪೆಟ್ರೋಲ್ ಟ್ಯಾಂಕು ಖಾಲಿ ಇದೆ ಅಂತ ವೆಲ್ಡಿಂಗ್ ಮಾಡಿಸೋದು ಜೀವಕ್ಕೆ ಅಪಾಯ. ಒಳಗೆ ಉಳಿದ ಆವಿ ಸಿಡಿಯುತ್ತೆ. ಆ ಕೆಲಸ ಬಲ್ಲವರ ಹತ್ತಿರವೇ ಮಾಡಿಸಿ.

6. ವೈರಿಂಗ್, ಲೈಟು, ಹಾರನ್. ಕೊನೆಗೆ ಬಣ್ಣ, ಸೀಟು, ಕ್ರೋಮ್.

ದುಡ್ಡು ನಡುವೆ ಮುಗಿದುಹೋದ್ರೂ ಈ ಕ್ರಮದಲ್ಲಿ ಹೋದ್ರೆ ನಿಮ್ಮ ಹತ್ತಿರ ಬಣ್ಣ ಇಲ್ಲದ, ಓಡೋ ಗಾಡಿ ಇರುತ್ತೆ. ಉಲ್ಟಾ ಹೋದ್ರೆ ಬಣ್ಣ ಇರೋ, ಓಡದ ಗಾಡಿ.

ನಾವು ಬೆಳೆದ ಕಬ್ಬು, ನಮ್ಮ ಗಾಡಿಯ ಪೈಪು

ಪೆಟ್ರೋಲಿಗೆ ಶೇ 20ರಷ್ಟು ಎಥನಾಲ್ ಬೆರೆಸೋ ಕಾರ್ಯಕ್ರಮಕ್ಕೆ ಪ್ರಧಾನಿ ಚಾಲನೆ ಕೊಟ್ಟಿದ್ದು 2023ರ ಫೆಬ್ರವರಿಯಲ್ಲಿ, ಬೆಂಗಳೂರಿನಲ್ಲೇ. ಕಬ್ಬು, ಮೆಕ್ಕೆಜೋಳ ಬೆಳೆಯೋ ನಮ್ಮವರಿಗೆ ಅದರಿಂದ ಮಾರುಕಟ್ಟೆ ಸಿಕ್ಕಿದೆ, ಬೇಡ ಅನ್ನೋಕಾಗಲ್ಲ. ಆದ್ರೆ ಹಳೇ ಗಾಡಿ ಇಟ್ಕೊಂಡೋರು ಇದರ ಸ್ವಭಾವ ತಿಳ್ಕೋಬೇಕು.

ಎಥನಾಲ್ ಗಾಳಿಯಲ್ಲಿರೋ ತೇವ ಎಳ್ಕೊಳ್ಳುತ್ತೆ. ಮಳೆಗಾಲದಲ್ಲಿ ಎರಡು ಮೂರು ತಿಂಗಳು ನಿಂತ ಗಾಡಿಯ ಟ್ಯಾಂಕಿನಲ್ಲಿ ನೀರು ಮತ್ತು ಎಥನಾಲ್ ಬೇರೆಯಾಗಿ ತಳಕ್ಕೆ ಕೂರಬಹುದು. ತುಕ್ಕು ಶುರುವಾಗೋದು ಅಲ್ಲೇ. ಹಳೇ ರಬ್ಬರ್ ಪೈಪು, ಬಿರಡೆಯ ಗ್ಯಾಸ್ಕೆಟ್ಟು ಮೆತ್ತಗಾಗಿ ಉಬ್ಬುತ್ತೆ, ಸೋರುತ್ತೆ. ಎಥನಾಲ್‌ನಲ್ಲಿ ಶಕ್ತಿಯ ಅಂಶ ಪೆಟ್ರೋಲಿಗಿಂತ ಸುಮಾರು ಮೂರನೇ ಒಂದು ಭಾಗ ಕಡಿಮೆ. ಅದೇ ಜೆಟ್ಟಿನಲ್ಲಿ ಗಾಡಿ ಸ್ವಲ್ಪ ಬಡಕಲು ಮಿಶ್ರಣದಲ್ಲಿ ಓಡಿ ಬಿಸಿಯಾಗುತ್ತೆ.

ಪರಿಹಾರ ದೊಡ್ಡದೇನಲ್ಲ. ಪೈಪು, ಸೀಲು, ಗ್ಯಾಸ್ಕೆಟ್ಟುಗಳನ್ನ ಎಥನಾಲ್ ತಡೆಯೋ ಥರದ್ದಕ್ಕೆ ಬದಲಾಯಿಸಿ. ತಿಂಗಳಿಗಿಂತ ಹೆಚ್ಚು ನಿಲ್ಲಿಸೋದಾದ್ರೆ ಟ್ಯಾಂಕು, ಕಾರ್ಬುರೇಟರ್ ಎರಡೂ ಖಾಲಿ ಮಾಡಿ. ಪ್ಲಗ್ಗಿನ ಬಣ್ಣ ತೀರಾ ಬಿಳಿಚಿದ್ರೆ ಒಂದು ಸೈಜ್ ದೊಡ್ಡ ಮೇನ್ ಜೆಟ್ ಹಾಕೋ ಬಗ್ಗೆ ಮೆಕ್ಯಾನಿಕ್ ಹತ್ತಿರ ಮಾತಾಡಿ. ಪೆಟ್ರೋಲಿಗೆ ಟೂ ಟಿ ಆಯಿಲ್ ಬೆರೆಸೋ ಗಾಡಿಗಳಿಗೆ ಅಂದಾಜು ಬೇಡ. ಲೀಟರಿಗೆ 30ರಿಂದ 40 ಮಿಲಿ ಸಾಮಾನ್ಯ ರೂಢಿ. ಕೀಟನಾಶಕದ ಮುಚ್ಚಳದಲ್ಲಿ ಅಳೆಯೋ ಅಭ್ಯಾಸ ಬಿಡಿ, ಮಿಲಿ ಗುರುತಿರೋ ಲೋಟ ಇಟ್ಕೊಳ್ಳಿ.

ಹಳೇ ಟ್ರ್ಯಾಕ್ಟರ್, ಟಿಲ್ಲರ್

ನಿಜವಾದ ಉಳಿತಾಯ ಇರೋದು ಬೈಕಿನಲ್ಲಲ್ಲ, ಇಲ್ಲಿ. ಮ್ಯಾಸ್ಸಿ 1035, ಎಚ್‌ಎಂಟಿ 2511, ಐಷರ್ ಏರ್‌ಕೂಲ್ಡ್, ಮಿತ್ಸುಬಿಶಿ ಶಕ್ತಿ ಟಿಲ್ಲರ್, ಕ್ಯಾಮ್ಕೋ ಟಿಲ್ಲರ್, ಇವೆಲ್ಲ ಈಗಲೂ ಹಳ್ಳಿಗಳಲ್ಲಿ ಉಸಿರಾಡ್ತಿವೆ. ಎಚ್‌ಎಂಟಿ ಟ್ರ್ಯಾಕ್ಟರ್ ಘಟಕ ಮುಚ್ಚೋಕೆ 2016ರಲ್ಲಿ ಕೇಂದ್ರ ಸಂಪುಟ ಒಪ್ಪಿಗೆ ಕೊಡ್ತು, ಆದ್ರೂ ಆ ಟ್ರ್ಯಾಕ್ಟರ್ ಬಲ್ಲ ಮೇಸ್ತ್ರಿಗಳು ಇದ್ದಾರೆ.

"ಹತ್ತು ವರ್ಷ ಆದ ಟ್ರ್ಯಾಕ್ಟರ್ ಗುಜರಿಗೆ ಹಾಕಲೇಬೇಕಂತೆ" ಅನ್ನೋ ವಾಟ್ಸಾಪ್ ಸುದ್ದಿ ಇನ್ನೂ ತಿರುಗ್ತಿದೆ. ಅದು ಸುಳ್ಳು. ಕೃಷಿ ಟ್ರ್ಯಾಕ್ಟರಿಗೆ ಮೊದಲು ಹದಿನೈದು ವರ್ಷದ ನೋಂದಣಿ, ಆಮೇಲೆ ಐದೈದು ವರ್ಷಕ್ಕೆ ನವೀಕರಣ ಮಾಡಿಸಬಹುದು ಅಂತ ಕೇಂದ್ರ ಸಾರಿಗೆ ಸಚಿವಾಲಯವೇ 2023ರಲ್ಲಿ ಸ್ಪಷ್ಟನೆ ಕೊಟ್ಟಿದೆ. ಈ ಹೆದರಿಕೆಗೆ ಟ್ರ್ಯಾಕ್ಟರ್ ಕಡಿಮೆಗೆ ಮಾರಿ ಹೊಸದಕ್ಕೆ ಸಾಲ ಮಾಡಬೇಡಿ.

ರಿಪೇರಿ ಮಾಡಿಸಬೇಕಾ ಬೇಡವಾ ಅನ್ನೋದಕ್ಕೆ ಒಂದು ಸರಳ ಲೆಕ್ಕ ಇದೆ. ಇದು ಉದಾಹರಣೆ ಅಷ್ಟೇ, ನಿಮ್ಮೂರಿನ ದರ ಹಾಕ್ಕೊಳ್ಳಿ. ಹಳೇ ಟಿಲ್ಲರ್ ಸರಿ ಮಾಡೋಕೆ 40,000 ಖರ್ಚು, ಐದು ವರ್ಷ ಬಾಳುತ್ತೆ ಅಂದ್ರೆ ವರ್ಷಕ್ಕೆ 8,000. ವರ್ಷದ ಸಣ್ಣಪುಟ್ಟ ರಿಪೇರಿ 4,000 ಸೇರಿಸಿ, ಒಟ್ಟು 12,000. ಬಾಡಿಗೆ ಗಂಟೆಗೆ 500 ಇದೆ ಅಂತಿಟ್ಕೊಳ್ಳಿ. ಸ್ವಂತದ್ದಾದ್ರೆ ಡೀಸೆಲ್ 150, ನಿಮ್ಮ ದುಡಿಮೆಗೆ 100 ಅಂತ ಕಳೀರಿ. ಗಂಟೆಗೆ ಉಳಿಯೋದು 250. 12,000ವನ್ನ 250ರಿಂದ ಭಾಗಿಸಿದ್ರೆ 48 ಗಂಟೆ. ವರ್ಷಕ್ಕೆ 48 ಗಂಟೆಗಿಂತ ಹೆಚ್ಚು ಕೆಲಸ ಇದ್ರೆ ರಿಪೇರಿ ಮಾಡಿಸಿ. ಕಡಿಮೆ ಇದ್ರೆ ಬಾಡಿಗೆಯೇ ಲೇಸು, ಭಾವನೆಗೆ ಬಲಿಯಾಗಬೇಡಿ. ಗೇರ್ ಬಾಕ್ಸ್ ಕೇಸಿಂಗ್ ಒಡೆದಿದ್ರೆ, ಬ್ಲಾಕ್ ಸೀಳಿದ್ರೆ, ದಾಖಲೆಯೇ ಇಲ್ಲದಿದ್ರೆ ಕೈಬಿಡೋದೇ ಜಾಣತನ.

ಹಳೇ ಟ್ರ್ಯಾಕ್ಟರಿಗೆ ಮಗುಚಿದಾಗ ಕಾಯೋ ಕಂಬಿ ಇರಲ್ಲ. ಏರಿನಲ್ಲಿ, ಬದುವಿನ ಅಂಚಿನಲ್ಲಿ ಅದನ್ನ ನೆನಪಿಟ್ಕೊಂಡು ಓಡಿಸಿ. ಪಿಟಿಓ ಶಾಫ್ಟಿನ ಕವರ್ ಕಳೆದುಹೋಗಿದ್ರೆ ಮೊದಲು ಅದನ್ನ ಹಾಕಿಸಿ, ಆಮೇಲೆ ಮಿಕ್ಕ ರಿಪೇರಿ. ಟವೆಲ್, ಪಂಚೆ, ಸೆರಗು ಸಿಕ್ಕಿಕೊಂಡ್ರೆ ಬಿಡಿಸಿಕೊಳ್ಳೋಕೆ ಸಮಯ ಸಿಗಲ್ಲ.

ಸಾವಯವ ಅಂತೀಯ, ಹೊಗೆ ಬಿಡ್ತೀಯ

ಈ ಮಾತು ನನಗೆ ಸ್ನೇಹಿತರು ಹೇಳ್ತಾನೇ ಇರ್ತಾರೆ, ಸರಿಯಾಗೇ ಕೇಳ್ತಾರೆ. ಟೂ ಸ್ಟ್ರೋಕ್ ಎಂಜಿನ್ ಎಣ್ಣೆ ಸುಡುತ್ತೆ, ಪೂರ್ತಿ ಉರಿಯದ ಪೆಟ್ರೋಲನ್ನೂ ಹೊರಗೆ ಬಿಡುತ್ತೆ. ಮಾಲಿನ್ಯದ ನಿಯಮ ಬಿಗಿಯಾದಾಗ ಅವು ಮಾರುಕಟ್ಟೆಯಿಂದ ಹೋಗಿದ್ದಕ್ಕೆ ನ್ಯಾಯವಾದ ಕಾರಣ ಇತ್ತು. ದಿನಾ ಪೇಟೆಗೆ ನಲವತ್ತು ಕಿಲೋಮೀಟರ್ ಓಡಾಡೋರಿಗೆ ಯೆಜ್ಡಿ ರಿಪೇರಿ ಮಾಡಿಸಿ ಅಂತ ನಾನು ಹೇಳೋದೇ ಇಲ್ಲ. ತೋಟದಿಂದ ಮನೆ, ಮನೆಯಿಂದ ಡೇರಿ, ವಾರಕ್ಕೊಂದು ಸಂತೆ, ಇಷ್ಟು ಓಡಾಟಕ್ಕೆ ಅಂತ ಹೊಸ ಗಾಡಿ ಕೊಳ್ಳೋ ಬದಲು ಇದ್ದದ್ದನ್ನ ಸರಿಯಾಗಿ ಟ್ಯೂನ್ ಮಾಡಿ, ಹೊಗೆ ತಪಾಸಣೆ ಮಾಡಿಸಿ ಬಳಸಿ ಅಂತೀನಿ.

ನನಗೆ ಇನ್ನೂ ಹೆಚ್ಚು ಚಿಂತೆ ಇರೋದು ಹೊಗೆಗಿಂತ ಎಣ್ಣೆಯದು. ಬಿಚ್ಚಿದ ಎಂಜಿನ್ನಿನ ಕರೀ ಎಣ್ಣೆಯನ್ನ ಗೆದ್ದಲಿಗೆ ಒಳ್ಳೇದು ಅಂತ ತೆಂಗು, ಅಡಿಕೆ ಬುಡಕ್ಕೆ ಸುರಿಯೋರು ಇದ್ದಾರೆ. ಬೇಲಿ ಗೂಟಕ್ಕೆ ಬಳಿಯೋರಿದ್ದಾರೆ. ತೋಟಗಾರಿಕೆ ಓದಿದವನಾಗಿ ಹೇಳ್ತೀನಿ, ದಯವಿಟ್ಟು ಬೇಡ. ಬಳಸಿದ ಎಣ್ಣೆಯಲ್ಲಿ ಎಂಜಿನ್ ಸವೆದ ಲೋಹದ ಪುಡಿ, ಸುಟ್ಟ ವಿಷದ ಅಂಶ ಎಲ್ಲಾ ಇರುತ್ತೆ. ಮಣ್ಣಿನ ರಂಧ್ರ ಮುಚ್ಚುತ್ತೆ, ಜೀವಾಣು ಸಾಯುತ್ತೆ, ಬಾವಿ ಪಕ್ಕ ಇದ್ರೆ ನೀರಿಗೂ ಇಳಿಯುತ್ತೆ. ಕ್ಯಾನಿನಲ್ಲಿ ತುಂಬಿಸಿ ಎಣ್ಣೆ ಸಂಗ್ರಹಿಸೋ ಗ್ಯಾರೇಜಿಗೆ ಕೊಡಿ. ಬಣ್ಣ ಕೆರೆದ ಪುಡಿ, ಥಿನ್ನರ್, ಹಳೇ ಬ್ಯಾಟರಿಯೂ ಹಾಗೇ. ರಿಪೇರಿ ಜಾಗ ಕಾಂಪೋಸ್ಟ್ ಗುಂಡಿಯಿಂದ, ಬಾವಿಯಿಂದ ದೂರ ಇರಲಿ, ನೆಲಕ್ಕೆ ಸಿಮೆಂಟು ಇರಲಿ.

ಕೈಗುಣ ಹೋಗೋ ಮುಂಚೆ

ಸ್ಪೇರ್ ಪಾರ್ಟ್ ಸಿಗದಿದ್ರೆ ಲೇತ್‌ನಲ್ಲಿ ಮಾಡಿಸಬಹುದು. ಮೇಸ್ತ್ರಿ ಸಿಗದಿದ್ರೆ ಏನು ಮಾಡೋದು? ಎಂಜಿನ್ ಸದ್ದು ಕೇಳಿ ಬೇರಿಂಗ್ ಹೋಗಿದೆ ಅನ್ನೋರು, ಪ್ಲಗ್ ನೋಡಿ ಕಾರ್ಬುರೇಟರ್ ತಿರುವೋರು ನಮ್ಮ ಪೇಟೆಗಳಲ್ಲಿ ಈಗ ಅರವತ್ತು ದಾಟಿದ್ದಾರೆ. ಅವರ ಅಂಗಡಿಯಲ್ಲಿ ಕಲಿಯೋ ಹುಡುಗರಿಲ್ಲ. ನಾಟಿ ಬೀಜ ಬಿತ್ತದೇ ಇಟ್ರೆ ಮೊಳಕೆ ಶಕ್ತಿ ಹೋಗುತ್ತೆ, ಕೈಗುಣವೂ ಹಾಗೇ.

ಅದಕ್ಕೇ ಗಾಡಿಯನ್ನ ದೂರದ ನಗರದ ಝಗಮಗ ವರ್ಕ್‌ಶಾಪಿಗೆ ಕಳಿಸೋ ಮುಂಚೆ ಹತ್ತಿರದ ಪೇಟೆಯ ಹಳೇ ಮೆಕ್ಯಾನಿಕ್ಕನ್ನ ಹುಡುಕಿ. ಅವರ ಮಜೂರಿಗೆ ಚೌಕಾಸಿ ಮಾಡಬೇಡಿ. "ನಾನೂ ಜೊತೆಗಿರ್ತೀನಿ ಅಣ್ಣ, ಕಲಿಸಿ" ಅಂತ ಕೇಳಿ. ಮನೆಯಲ್ಲಿ ಐಟಿಐ, ಡಿಪ್ಲೊಮಾ ಮಾಡಿದ ಮಗನೋ ಮಗಳೋ ಇದ್ರೆ ಅವರ ಕೈಗೆ ಸ್ಪ್ಯಾನರ್ ಕೊಡಿ. ಒಂದು ಎಂಜಿನ್ ಪೂರ್ತಿ ಬಿಚ್ಚಿ ಜೋಡಿಸಿದವರು ನಾಳೆ ಕಳೆ ಕೊಚ್ಚೋ ಯಂತ್ರ, ಸ್ಪ್ರೇಯರ್, ಪಂಪ್‌ಸೆಟ್ ಯಾವುದಕ್ಕೂ ಹೆದರಲ್ಲ. ಸುಗ್ಗಿ ನಡುವೆ ಯಂತ್ರ ಕೈಕೊಟ್ಟು ಮೂರು ದಿನ ಕಾಯೋ ನಷ್ಟ ಏನು ಅಂತ ಬೆಳೆದವರಿಗೇ ಗೊತ್ತು.

ಈ ವಾರ ಬಿಡುವಾದಾಗ ಎರಡೇ ಕೆಲಸ ಮಾಡಿ. ಶೆಡ್ಡಿನಲ್ಲಿರೋ ಗಾಡಿಯ ಮೇಲಿನ ಗೋಣಿಚೀಲ ತೆಗೆದು ಚಾಸಿಸ್ ನಂಬರ್ ಬರ್ಕೊಳ್ಳಿ. ಟ್ರಂಕಿನಲ್ಲಿ ಆರ್‌ಸಿ ಹುಡುಕಿ, ಯಾರ ಹೆಸರಲ್ಲಿದೆ ನೋಡಿ. ಮಿಕ್ಕ ನಿರ್ಧಾರ ಆಮೇಲೆ ನಿಧಾನವಾಗಿ ಆಗಲಿ. ಅಷ್ಟರೊಳಗೆ ವ್ಯಾಪಾರಿ ಬಂದು ಕೇಳಿದ್ರೆ, "ಗಾಡಿ ಮಾರಾಟಕ್ಕಿಲ್ಲ, ರಿಪೇರಿಗಿದೆ" ಅಂದುಬಿಡಿ.